ಹಿರಿಯರ ನುಡಿ, ಕಿರಿಯರ ಅಕ್ಷರ

ಶಾಲೆಯೊಂದಕ್ಕೆ ನೂರು ವರ್ಷ ತುಂಬಿದಾಗ ಅದರ ಕಟ್ಟಡ, ಗುರುಪರಂಪರೆ, ಪರೀಕ್ಷಾ ಫಲಿತಾಂಶಗಳ ಇತಿಹಾಸವನ್ನು ಬರೆಯುವುದು ವಾಡಿಕೆ. ಈ ಸಂಚಿಕೆಯ ಇತರ ಲೇಖನಗಳು ಆ ಹೊಣೆಯನ್ನು ನಿರ್ವಹಿಸಿವೆ. ನಾನು ಇಲ್ಲಿ ಹೇಳಹೊರಟಿರುವುದು ಅದಕ್ಕೆ ಹೊಂದಿಕೊಂಡಿರುವ ಇನ್ನೊಂದು ಇತಿಹಾಸವನ್ನು. ಹಿರಿಯರನ್ನೂ ಕಿರಿಯರನ್ನೂ ಒಂದೆಡೆ ಕೂಡಿಸಿ, ಒಬ್ಬರಿಂದೊಬ್ಬರು ಕಲಿಯುವಂತೆ ಮಾಡಿದ ಪ್ರಯತ್ನಗಳು ನಮ್ಮ ನಾಡಿನಲ್ಲಿಯೂ ಹೊರಗೂ ಹಲವು ನಡೆದಿವೆ. ಗಡಿನಾಡಿನ ಕನ್ನಡ ಶಾಲೆಯ ಪಾಲಿಗೆ ಆ ಪ್ರಯತ್ನಗಳ ಪಾಠ ಉಳಿವಿನ ಪ್ರಶ್ನೆಗೆ ಸಂಬಂಧಿಸಿದ್ದು.

ಮಾರಂಡಹಳ್ಳಿ ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ತಾಲ್ಲೂಕಿಗೆ ಸೇರಿದ ಊರು. ಹೆಸರಿನ ಕೊನೆಯಲ್ಲಿರುವ 'ಹಳ್ಳಿ' ಎಂಬ ಪದವೇ ಇಲ್ಲಿ ಕನ್ನಡದ ಬೇರು ಎಷ್ಟು ಆಳವಾದುದೆಂದು ತಿಳಿಸುತ್ತದೆ. ತಗಡೂರು ಎಂಬ ಪ್ರಾಚೀನ ಹೆಸರಿನ ಧರ್ಮಪುರಿಯಲ್ಲಿ ನೊಳಂಬ ಅರಸರ ಕಾಲದ ಕನ್ನಡ ಶಾಸನ ದೊರೆತಿದೆ. ಮೈಸೂರಿನ ಆಳ್ವಿಕೆಯಲ್ಲಿದ್ದ ಈ ಬಾರಾಮಹಲ್ ಸೀಮೆ 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. 1956ರಲ್ಲಿ ಭಾಷಾವಾರು ರಾಜ್ಯಗಳು ರಚನೆಯಾದಾಗ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಸೇಲಂ ಜಿಲ್ಲೆ ಮದ್ರಾಸಿನಲ್ಲಿಯೇ ಉಳಿಯಿತು. 1965ರ ಅಕ್ಟೋಬರ್ 2ರಂದು ಅದರಿಂದ ಧರ್ಮಪುರಿ ಜಿಲ್ಲೆ ಬೇರ್ಪಟ್ಟಿತು. ಆಡಳಿತದ ಗೆರೆಗಳು ಹೀಗೆ ಹಲವು ಬಾರಿ ಬದಲಾದರೂ ಅನೇಕ ಮನೆಗಳ ಒಳಗಿನ ನುಡಿ ಬದಲಾಗಲಿಲ್ಲ. ಅದನ್ನು ಕಾಪಾಡಿದವರು ಆ ಮನೆಗಳ ಅಜ್ಜಿಯರು, ತಾತಂದಿರು.

ಹಿರಿಯರ ಮಾತಿನ ಮೂಲಕ ಮಗು ಕಲಿಯುವ ಪದ್ಧತಿಗೆ ಈ ನೆಲದಲ್ಲಿ ದೀರ್ಘ ಪರಂಪರೆಯಿದೆ. ತಗಡೂರಿನ ಅರಸನಾದ ಅಧಿಯಮಾನನು ಆಯುಷ್ಯವನ್ನು ಹೆಚ್ಚಿಸುವ ನೆಲ್ಲಿಕಾಯಿಯನ್ನು ತಾನು ತಿನ್ನದೆ ಅವ್ವೈಯಾರ್ ಎಂಬ ಕವಯಿತ್ರಿಗೆ ಕೊಟ್ಟ ಕಥೆ ತಮಿಳುನಾಡಿನ ಮಕ್ಕಳೆಲ್ಲರಿಗೂ ಗೊತ್ತು. ಅದೇ ಹೆಸರಿನ, ಮುಂದಿನ ಕಾಲದ ಮತ್ತೊಬ್ಬ ಕವಯಿತ್ರಿ ರಚಿಸಿದ 'ಆತ್ತಿಚೂಡಿ'ಯಲ್ಲಿ ನೀತಿಯ ಮಾತುಗಳು ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ. ಜನರ ಕಲ್ಪನೆಯಲ್ಲಿ ಅವ್ವೈ ಎಂದರೆ ಕೋಲೂರಿ ನಡೆಯುವ ಮುದುಕಿ; ಅವಳ ಮಾತಿನೊಡನೆಯೇ ಮಗುವಿಗೆ ಅಕ್ಷರವೂ ದೊರೆಯುತ್ತದೆ. ಕನ್ನಡದ ಮನೆಗಳಲ್ಲಿ ಇದೇ ಕೆಲಸವನ್ನು ಬೀಸುವ ಕಲ್ಲಿನ ಪದ, ಸೋಬಾನೆ, ಒಗಟು, ಗಾದೆಗಳು ಮಾಡಿದವು. ಗಡಿಯ ಆಚೆಗಿರುವ ಮಲೆ ಮಹದೇಶ್ವರನ ಕಾವ್ಯವನ್ನು ಕಂಸಾಳೆಯ ಗುಡ್ಡರು ಗುರುವಿನಿಂದ ಶಿಷ್ಯನಿಗೆ, ಬಾಯಿಂದ ಬಾಯಿಗೆ ದಾಟಿಸುತ್ತ ಬಂದಿದ್ದಾರೆ.

ಈ ಬಾಯಿಮಾತಿನ ಸಂಪತ್ತನ್ನು ಪಡೆಯಲೆಂದೇ ತರುಣರು ಹಿರಿಯರ ಬಳಿ ಹೋಗಿ ಕುಳಿತದ್ದು ಇಪ್ಪತ್ತನೆಯ ಶತಮಾನದ ಒಂದು ಮಹತ್ವದ ಘಟನೆ. ಇಂದಿನ ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರ ಗುಂಪು ಹೆಣ್ಣುಮಕ್ಕಳ ತ್ರಿಪದಿಗಳನ್ನು ಕೇಳಿ, ಬರೆದುಕೊಂಡು, 1931ರಲ್ಲಿ 'ಗರತಿಯ ಹಾಡು' ಎಂಬ ಸಂಕಲನವಾಗಿ ಪ್ರಕಟಿಸಿತು. ಆ ಗುಂಪಿನ ಮಧುರಚೆನ್ನ ಮತ್ತು ಸಿಂಪಿ ಲಿಂಗಣ್ಣ ಇಬ್ಬರೂ ಆಗ ಮೂವತ್ತು ದಾಟದ ತರುಣರು. 1933ರಲ್ಲಿ ಹಳೆಯ ಮೈಸೂರಿನ ಕಡೆಯಿಂದ ಅರ್ಚಕ ಬಿ. ರಂಗಸ್ವಾಮಿಯವರ 'ಹುಟ್ಟಿದ ಹಳ್ಳಿ ಹಳ್ಳಿಯ ಹಾಡು' ಬಂದಿತು. ಎಚ್.ಎಲ್. ನಾಗೇಗೌಡರು ಇದೇ ಕೆಲಸವನ್ನು ಸಂಸ್ಥೆಯ ಮಟ್ಟಕ್ಕೆ ಬೆಳೆಸಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಸ್ಥಾಪನೆಯಾದವು. ಇಲ್ಲೆಲ್ಲ ಕೊಟ್ಟವರು ಹಿರಿಯರು, ಪಡೆದವರು ಕಿರಿಯರು. ಅಕ್ಷರ ಬಾರದ ಅಜ್ಜಿಯ ಮುಂದೆ ಓದಿದವನು ವಿದ್ಯಾರ್ಥಿಯಾಗಿ ಕುಳಿತನು.

ಇದಕ್ಕೆ ಎದುರು ದಿಕ್ಕಿನಲ್ಲಿ ಹರಿದದ್ದು ಸಾಕ್ಷರತೆಯ ಚಳವಳಿ. ಅಲ್ಲಿ ಕಿರಿಯರು ಕೊಟ್ಟರು, ಹಿರಿಯರು ಪಡೆದರು. ಮೈಸೂರು ಸಂಸ್ಥಾನದಲ್ಲಿ 1940ರ ದಶಕದಲ್ಲಿಯೇ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಆರಂಭಿಸಿತು. ಹೊಸದಾಗಿ ಓದು ಕಲಿತವರಿಗಾಗಿ 'ಬೆಳಕು' ಎಂಬ ಪತ್ರಿಕೆಯನ್ನೂ ಹೊರತಂದಿತು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಗಿ, ಕಾಲೇಜು ವಿದ್ಯಾರ್ಥಿಗಳು ಹಳ್ಳಿಗಳ ಕಡೆಗೆ ಹೊರಟರು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ, 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಜಾರಿಗೆ ಬಂದವು.

ಕೇರಳದ ಎರ್ನಾಕುಲಂ 1990ರಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯಾಯಿತು. ಮರುವರ್ಷ ಏಪ್ರಿಲ್ 18ರಂದು ಕೋಳಿಕ್ಕೋಡಿನಲ್ಲಿ ಇಡೀ ಕೇರಳವು ಸಾಕ್ಷರ ರಾಜ್ಯವೆಂದು ಘೋಷಿಸುವ ಗೌರವ ಸಂದದ್ದು ಚೇಲಕ್ಕೋಡನ್ ಆಯಿಷಾ ಅವರಿಗೆ. ಅವರು ಇಳಿವಯಸ್ಸಿನಲ್ಲಿ ಅಕ್ಷರ ಕಲಿತ ಗ್ರಾಮೀಣ ಮಹಿಳೆ. ಅದೇ ಕಾಲದಲ್ಲಿ ತಮಿಳುನಾಡಿನಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಹೆಸರಿನಿಂದ ಚಳವಳಿ ಹಬ್ಬಿತು. ಪುದುಕ್ಕೋಟ್ಟೈ ಜಿಲ್ಲೆಯಲ್ಲಿ ಅಕ್ಷರದೊಡನೆ ಸೈಕಲ್ ಸವಾರಿಯನ್ನೂ ಕಲಿತ ಮಹಿಳೆಯರ ಸುದ್ದಿ ದೇಶದ ಗಮನ ಸೆಳೆಯಿತು. ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿಯೋ ಮರದಡಿಯಲ್ಲಿಯೋ ಸೇರುತ್ತಿದ್ದ ಇಂಥ ತರಗತಿಗಳಲ್ಲಿ ಕಲಿಸುವ ಸ್ವಯಂಸೇವಕರು ಹೆಚ್ಚಾಗಿ ಊರಿನ ಯುವಕ ಯುವತಿಯರೇ.

ಆದರೆ ಈ ಚಳವಳಿಯ ಲೆಕ್ಕಪುಸ್ತಕದಲ್ಲಿ ಒಂದು ಕೊರತೆಯಿತ್ತು. 1978ರ ಕಾರ್ಯಕ್ರಮವೂ 1988ರ ಮಿಷನ್ನೂ ಗುರಿಯಾಗಿಟ್ಟುಕೊಂಡದ್ದು 15ರಿಂದ 35 ವರ್ಷದವರನ್ನು. ಅದಕ್ಕಿಂತ ಹಿರಿಯರು ತರಗತಿಗೆ ಬಂದು ಕುಳಿತರೂ ಗುರಿಯ ಹೊರಗೇ ಉಳಿದರು. 2011ರ ಜನಗಣತಿಯಲ್ಲಿ ತಮಿಳುನಾಡಿನ ಸಾಕ್ಷರತೆ ಶೇ. 80ರಷ್ಟಿದ್ದಾಗ ನಮ್ಮ ಧರ್ಮಪುರಿಯದು ಶೇ. 68.5, ರಾಜ್ಯದಲ್ಲಿಯೇ ಕೊನೆಯ ಸ್ಥಾನ. 2022ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮವು 15 ವರ್ಷ ಮೀರಿದ ಎಲ್ಲರನ್ನೂ ಒಳಗೊಳ್ಳುತ್ತದೆ. ಶಾಲೆಯನ್ನೇ ಕಲಿಕೆಯ ಕೇಂದ್ರವಾಗಿಸುತ್ತದೆ. ತಡವಾಗಿಯಾದರೂ ಅಜ್ಜಿ ತಾತಂದಿರಿಗೆ ಶಾಲೆಯ ಬಾಗಿಲು ತೆರೆದಂತಾಯಿತು.

ಇಲ್ಲಿಂದ ಮುಂದೆ ಗಡಿನಾಡಿನ ಕಥೆ ಬೇರೆ ತಿರುವು ಪಡೆಯುತ್ತದೆ. ಅಲ್ಪಸಂಖ್ಯಾತ ಭಾಷಿಕ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. 2006ರ ತಮಿಳು ಕಲಿಕಾ ಕಾಯ್ದೆಯು ಆ ವರ್ಷ ಒಂದನೆಯ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ಹತ್ತನೆಯ ತರಗತಿಯವರೆಗೆ ತಮಿಳನ್ನು ಕಡ್ಡಾಯಗೊಳಿಸಿತು. ತಮಿಳು ನಮ್ಮ ಮಕ್ಕಳಿಗೆ ಬೇಕು. ಈ ರಾಜ್ಯದಲ್ಲಿ ಹುಟ್ಟಿ ಇಲ್ಲಿಯೇ ಬದುಕು ಕಟ್ಟಿಕೊಳ್ಳುವ ಮಗುವಿಗೆ ಅದು ಅನ್ನದ ಭಾಷೆ, ನೆರೆಮನೆಯ ಭಾಷೆ. ಅದನ್ನು ಸಂತೋಷದಿಂದಲೇ ಕಲಿಸುತ್ತೇವೆ. ಆದರೂ ತಮಿಳು ಮತ್ತು ಇಂಗ್ಲಿಷಿನ ನಡುವೆ ಕನ್ನಡಕ್ಕೆ ಉಳಿಯುವ ಹೊತ್ತು ಕಿರಿದಾಯಿತೆಂಬುದೂ ನಿಜ. ಅನೇಕ ತಂದೆತಾಯಿಯರು ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತಿದ್ದಾರೆ. ಹಿಂದೆ ಓದಿದ ಮೊಮ್ಮಗನು ಓದಲಾರದ ಅಜ್ಜಿಗೆ ಕನ್ನಡದ ಕಾಗದವನ್ನು ಓದಿ ಹೇಳುತ್ತಿದ್ದ. ಇಂದು ಕನ್ನಡ ಶಾಲೆಯಲ್ಲಿ ಓದಿದ ಅಜ್ಜಿಗೆ ಕನ್ನಡ ಓದಲು ಬರುತ್ತದೆ, ಮೊಮ್ಮಗನಿಗೆ ಬರುವುದಿಲ್ಲ. ಒಂದೇ ಸೂರಿನಡಿ ಕಲಿಕೆಯ ದಿಕ್ಕು ತಿರುಗಿದೆ.

ಇಂಥದೇ ಸ್ಥಿತಿಯನ್ನು ನ್ಯೂಜಿಲೆಂಡಿನ ಮಾವೋರಿ ಜನರು ನಮಗಿಂತ ತೀವ್ರವಾಗಿ ಅನುಭವಿಸಿದರು. 1970ರ ದಶಕದ ಹೊತ್ತಿಗೆ ಅವರ ಭಾಷೆಯನ್ನು ಸರಾಗವಾಗಿ ಆಡಬಲ್ಲವರು ಬಹುಪಾಲು ವಯಸ್ಸಾದವರೇ ಆಗಿದ್ದರು. ನಡುವಿನ ತಲೆಮಾರು ಇಂಗ್ಲಿಷಿಗೆ ಹೊರಳಿತ್ತು. ಆಗ ಹಿರಿಯರು ಒಂದು ಉಪಾಯ ಮಾಡಿದರು. ಶಾಲೆಗೆ ಹೋಗುವ ಮೊದಲೇ ಎಳೆಯ ಮಕ್ಕಳನ್ನು ತಮ್ಮ ಬಳಿ ಕೂಡಿಸಿಕೊಂಡು ದಿನವಿಡೀ ಮಾವೋರಿಯಲ್ಲಿಯೇ ಆಡಿಸಿ, ಹಾಡಿಸಿ, ಉಣಿಸತೊಡಗಿದರು. 'ಕೋಹಂಗಾ ರಿಯೋ', ಅಂದರೆ ಭಾಷೆಯ ಗೂಡು, ಎಂಬ ಹೆಸರಿನ ಇಂಥ ಮೊದಲ ಕೇಂದ್ರ 1982ರಲ್ಲಿ ವೆಲ್ಲಿಂಗ್ಟನ್ ಬಳಿಯ ವೈನುಯೊಮಾಟಾದಲ್ಲಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅವು ನೂರಾರು ಸಂಖ್ಯೆಗೆ ಬೆಳೆದವು. 1987ರಲ್ಲಿ ಮಾವೋರಿ ಆ ದೇಶದ ಅಧಿಕೃತ ಭಾಷೆಯಾಯಿತು. ಹವಾಯಿಯ ಜನರೂ 1984ರಲ್ಲಿ ಇದೇ ಮಾದರಿಯನ್ನು ಅನುಸರಿಸಿದರು.

ಈ ಎಲ್ಲ ಪ್ರಯತ್ನಗಳನ್ನು ಒಟ್ಟಿಗೆ ನೋಡಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಹಿರಿಯರಿಗೆ ಶಾಲು ಹೊದಿಸಿ ಕಳುಹಿಸುವ ಸಮಾರಂಭಗಳಿಂದ ತಲೆಮಾರುಗಳು ಹತ್ತಿರವಾಗುವುದಿಲ್ಲ. ಇಬ್ಬರ ಕೈಗೂ ನಿಜವಾದ ಕೆಲಸವಿದ್ದು, ಅದಕ್ಕೆ ನಿಶ್ಚಿತ ಹೊತ್ತಿದ್ದು, ಇಬ್ಬರಲ್ಲಿಯೂ ಕೊಡುವುದಕ್ಕೆ ಏನಾದರೂ ಇದ್ದಾಗ ಮಾತ್ರ ಆ ಬಾಂಧವ್ಯ ನಿಲ್ಲುತ್ತದೆ. ಹಲಸಂಗಿಯಲ್ಲಿ ಹಾಡಿತ್ತು, ಅರಿವೊಳಿಯಲ್ಲಿ ಅಕ್ಷರವಿತ್ತು, ಮಾವೋರಿಯರ ಗೂಡಿನಲ್ಲಿ ದಿನನಿತ್ಯದ ಮಾತಿತ್ತು.

ನಮ್ಮ ಊರಿನಲ್ಲಿ ಈ ಮೂರೂ ಇವೆ. ಅಜ್ಜಿ ತಾತಂದಿರೊಡನೆ ಬೆಳೆಯುವ ಮಗುವಿನ ಕನ್ನಡದ ಓದು ಬೇಗ ಸರಾಗವಾಗುವುದನ್ನು ನನ್ನ ತರಗತಿಗಳಲ್ಲಿ ವರ್ಷ ವರ್ಷವೂ ಕಂಡಿದ್ದೇನೆ. ಪದದ ಅರ್ಥ ಅದಕ್ಕೆ ಮೊದಲೇ ಗೊತ್ತಿರುತ್ತದೆ, ಅಕ್ಷರವನ್ನು ಗುರುತಿಸಿದರೆ ಸಾಕು. ರಾಗಿ ಬೆಳೆಯುವ ಈ ಸೀಮೆಯ ಹಿರಿಯರ ಬಾಯಲ್ಲಿ ಕೂರಿಗೆ, ಕುಂಟೆ, ಮೆದೆ, ಕಣ, ರೋಣಗಲ್ಲು, ಹಗೇವು ಮುಂತಾದ ಪದಗಳು ಇನ್ನೂ ಉಳಿದಿವೆ. ಆ ಉಪಕರಣಗಳು ಮರೆಯಾದಂತೆ ಪದಗಳೂ ಮರೆಯಾಗುತ್ತವೆ. ಅವನ್ನು ಆಡುವವರು ತೀರಿಕೊಂಡ ಮೇಲೆ ಯಾವ ಪುಸ್ತಕವೂ ಅವರ ದನಿಯನ್ನು ಮರಳಿ ಕೊಡಲಾರದು. ವಾರಕ್ಕೊಂದು ಗಂಟೆ ಶಾಲೆಯ ಜಗುಲಿಯಲ್ಲಿ ಅಜ್ಜಿ ತಾತಂದಿರು ಕುಳಿತು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಅಕ್ಷರ ಬಾರದ ಹಿರಿಯರಿಗೆ ಅದೇ ಮಕ್ಕಳು ಮೊದಲು ಅವರ ಹೆಸರನ್ನು ಬರೆಯಲು ಕಲಿಸಲಿ. ಹೀಗೆ ಬರೆದ ನೋಟುಪುಸ್ತಕಗಳು ಶಾಲೆಯ ಗ್ರಂಥಾಲಯದಲ್ಲಿ ಸೇರಲಿ.

ಇದಕ್ಕೆ ಅನುದಾನ ಬೇಡ, ಕಟ್ಟಡ ಬೇಡ; ಬೇಕಾದದ್ದು ಹೊತ್ತು ಮತ್ತು ಹಿರಿಯರನ್ನು ಕರೆತರುವ ಕೈ. ಈ ಶಾಲೆಯಲ್ಲಿ ಅಕ್ಷರ ಕಲಿತ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಸ್ವತಃ ಅಜ್ಜಿ ತಾತಂದಿರು. ನಿಮ್ಮ ಮೊಮ್ಮಕ್ಕಳು ಯಾವ ಮಾಧ್ಯಮದಲ್ಲಿಯೇ ಓದುತ್ತಿರಲಿ, ಅವರನ್ನೂ ಕರೆದುಕೊಂಡು ಬನ್ನಿ ಎಂದು ಕೋರುತ್ತೇನೆ. ಕನ್ನಡ ಓದಬಲ್ಲ ತಲೆಮಾರು ಊರಿನಲ್ಲಿ ಇರುವಾಗಲೇ ಈ ಕೆಲಸ ಆಗಬೇಕು.