ಉಡಿದಾರದ ಅಳತೆ, ತೊಟ್ಟಿಲ ತೂಕ

ತಾಳಗುಪ್ಪದ ಸುತ್ತಿನ ಅಡಿಕೆ ತೋಟದವರೊಬ್ಬರನ್ನು ಕರೆದು, “ನಿಮಗೆ ಬೊಜ್ಜು ಬಂದಿದೆಯಲ್ಲ” ಎಂದು ಹೇಳಿ ನೋಡಿ. ಸಣಕಲು ಕೈಕಾಲುಗಳನ್ನು ತೋರಿಸಿ ನಕ್ಕುಬಿಟ್ಟಾರು. ಕೈಕಾಲು ಸಣ್ಣವೇ ನಿಜ. ಆದರೆ ಉಡಿದಾರವನ್ನು ಆಗಾಗ ಸಡಿಲಿಸಬೇಕಾಗಿ ಬಂದಿರುವುದನ್ನು ಅವರು ಹೇಳುವುದಿಲ್ಲ. ಈ ಉಡಿದಾರದ ಕಥೆ ಬಹು ಹಳೆಯದು.

ಸುಶ್ರುತಸಂಹಿತೆಯು ಪ್ರಮೇಹದಲ್ಲಿ ಎರಡು ಬಗೆಯನ್ನು ಗುರುತಿಸುತ್ತದೆ: ಹುಟ್ಟಿನೊಡನೆ ಬಂದದ್ದು, ಅಪಥ್ಯದಿಂದ ಬಂದದ್ದು. ಇವೆರಡರ ನಡುವಣ ವ್ಯಾಜ್ಯ ಇನ್ನೂ ಮುಗಿದಿಲ್ಲ. 1923ರಲ್ಲಿ ಸ್ವೀಡನ್ನಿನ ವೈದ್ಯ ಕೈಲಿನ್ ಎಂಬುವರು ರಕ್ತದ ಒತ್ತಡ, ಸಕ್ಕರೆ, ಯೂರಿಕ್ ಆಮ್ಲ ಇವು ಒಬ್ಬರಲ್ಲಿಯೇ ಒಟ್ಟಿಗೆ ಏರುವುದನ್ನು ಕಂಡರು. 1947ರಲ್ಲಿ ಫ್ರಾನ್ಸಿನ ವಾಗ್ ಅವರು, ಬೊಜ್ಜು ಎಷ್ಟಿದೆ ಎಂಬುದಕ್ಕಿಂತ ಎಲ್ಲಿ ಕೂಡಿದೆ ಎಂಬುದೇ ಮುಖ್ಯವೆಂದರು. 1988ರಲ್ಲಿ ಅಮೆರಿಕದ ರೀವನ್ ಅವರು ಈ ಕೂಟಕ್ಕೆ ‘ಸಿಂಡ್ರೋಮ್ ಎಕ್ಸ್’ ಎಂದು ಹೆಸರಿಟ್ಟರು. ವಿನೋದವೆಂದರೆ, ಅವರ ಪಟ್ಟಿಯಲ್ಲಿ ಬೊಜ್ಜೇ ಇರಲಿಲ್ಲ! ಮೆಟಬಾಲಿಕ್ ಸಿಂಡ್ರೋಮ್ ಎಂದು ಇಂದು ಕರೆಯುವುದು ಇದನ್ನೇ.

2009ರಲ್ಲಿ ಹಲವು ಸಂಸ್ಥೆಗಳು ಕೂಡಿ ಒಪ್ಪಿದ ಲೆಕ್ಕ ಹೀಗಿದೆ. ನಮ್ಮ ನಾಡಿನ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿರುವುದು ಒಂದು. ಬರಿಹೊಟ್ಟೆಯ ಸಕ್ಕರೆ 100, ಟ್ರೈಗ್ಲಿಸರೈಡ್ 150, ರಕ್ತದ ಒತ್ತಡ 130 ಅಥವಾ 85 ಮುಟ್ಟಿರುವುದು ಇನ್ನು ಮೂರು. ಒಳ್ಳೆಯ ಕೊಲೆಸ್ಟರಾಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕೆಳಗಿರುವುದು ಐದನೆಯದು. ಐದರಲ್ಲಿ ಮೂರು ಕೂಡಿದರೆ ಸಿಂಡ್ರೋಮ್ ಇದೆಯೆಂದು ಅರ್ಥ. ಔಷಧಿಯಿಂದ ಹತೋಟಿಯಲ್ಲಿರುವುದೂ ಲೆಕ್ಕಕ್ಕೆ ಸೇರುತ್ತದೆ. ಅಳೆಯುವಾಗ ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಡಿ. ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿಯಿರಿ.

ಇನ್ನು ಹುಟ್ಟಿನ ಮಾತು. ತಾಳಗುಪ್ಪದಲ್ಲಿ ರಾತ್ರಿ ರೈಲು ಹತ್ತಿದವರು ಬೆಳಿಗ್ಗೆ ಇಳಿಯುವ ಮೈಸೂರಿನಲ್ಲಿಯೇ ಇದಕ್ಕೆ ಸಾಕ್ಷಿ ಸಿಕ್ಕಿತು. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರವರು ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದಲೂ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಬರೆದವರಿಗೆ ಇದು ಮುಂದೆ ಯಾವ ಕೆಲಸಕ್ಕೆ ಬಂದೀತೆಂಬ ಕಲ್ಪನೆ ಇದ್ದಿರಲಾರದು. ಶೈಶವದಲ್ಲಿ ತೂಕ ಕಡಮೆಯಿದ್ದ ಗಂಡಸರು ಹೃದ್ರೋಗದಿಂದ ಹೆಚ್ಚಾಗಿ ಸತ್ತರೆಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ 1989ರಲ್ಲಿ ತೋರಿಸಿದ್ದರಷ್ಟೆ. ಅವರ ಸಂಗಾತಿ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು, ಆ ಆಸ್ಪತ್ರೆಯಲ್ಲಿ 1934ರಿಂದ 1954ರ ವರೆಗೆ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು, 3.1 ಕಿಲೋ ಮೇಲ್ಪಟ್ಟು ತೂಗಿದವರಲ್ಲಿ ಬರಿಯ 3. ಇದು ಅಚ್ಚಾದದ್ದು 1996ರಲ್ಲಿ.

ಹಾಗಾದರೆ ಕೂಸು ಸಣ್ಣದಿದ್ದುದೇ ಎಲ್ಲಕ್ಕೂ ಮೂಲವೆ? ಅಷ್ಟು ಸುಲಭವಾಗಿ ಕಥೆ ಮುಗಿಯಲಿಲ್ಲ. 1998ರಲ್ಲಿ ಅದೇ ದಾಖಲೆಗಳಿಂದ ಸಕ್ಕರೆ ಕಾಯಿಲೆಯ ಫಲ ಹೊರಬಂದಾಗ, ಅದು ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಗಿಡ್ಡವಾಗಿ ದುಂಡಗಿದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ. ಬಸಿರಿನಲ್ಲಿ ತಾಯಿಯ ರಕ್ತದ ಸಕ್ಕರೆ ಏರಿದ್ದಿರಬಹುದೆಂಬ ಸಂಶಯ ಹುಟ್ಟಿತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ಸಕ್ಕರೆ ಪರೀಕ್ಷಿಸಿ ಅವರ ಮಕ್ಕಳನ್ನು ಬೆಳೆದಂತೆಲ್ಲ ಅಳೆಯತೊಡಗಿದರು. ಸಕ್ಕರೆ ಏರಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಚರ್ಮದಡಿಯ ಕೊಬ್ಬು ಹೆಚ್ಚಾಗಿತ್ತು. ಆದ್ದರಿಂದ ಬಸುರಿಗೆ ಸಕ್ಕರೆಯ ಪರೀಕ್ಷೆ ಎಂದಾಗ ಅತ್ತೆಯವರು “ನಮ್ಮ ಕಾಲದಲ್ಲಿ ಇದೆಲ್ಲ ಇತ್ತೆ?” ಎಂದು ತಡೆಯದಿರಲಿ.

ಹುಟ್ಟಿದ ತೂಕವನ್ನು ಈಗ ತಿದ್ದಲಾಗದು. ಅಪಥ್ಯ ಮಾತ್ರ ನಮ್ಮ ಕೈಯಲ್ಲಿದೆ. ಆಲೆಮನೆಯಲ್ಲಿ ಕುಡಿದ ಕಬ್ಬಿನ ಹಾಲಾಗಲಿ, ದೋಸೆಗೆ ಸುರಿದುಕೊಂಡ ಜೋನಿಬೆಲ್ಲವಾಗಲಿ ನಿನ್ನೆ ಮೊನ್ನೆ ಬಂದವಲ್ಲ. ಆದರೆ ಅವನ್ನುಂಡವರು ಗುಡ್ಡ ಹತ್ತಿ ಸೊಪ್ಪಿನ ಹೊರೆ ಹೊತ್ತು ತರುತ್ತಿದ್ದರು. ನಾವು ಈಗ ತೋಟದ ಬೇಲಿಯ ತನಕ ಬೈಕಿನಲ್ಲಿಯೇ ಹೋಗುತ್ತೇವೆ. ಸುಶ್ರುತಸಂಹಿತೆ ಹಣವಿಲ್ಲದ ರೋಗಿಗೆ ಹೇಳಿದ ಚಿಕಿತ್ಸೆಯೂ ಸ್ವಾರಸ್ಯವಾಗಿದೆ: ಮೆಟ್ಟಿಲ್ಲದೆ, ಕೊಡೆಯಿಲ್ಲದೆ ನೂರು ಯೋಜನ ನಡೆಯಬೇಕು, ಇಲ್ಲವೆ ಬಾವಿ ತೋಡಬೇಕು. ಇಂದಿನ ವೈದ್ಯರು ಅಷ್ಟು ನಿಷ್ಠುರರಲ್ಲ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ ಸಾಕೆನ್ನುತ್ತಾರೆ. ಚೆನ್ನೈಯ ರಾಮಚಂದ್ರನ್ ಮತ್ತು ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರನ್ನು ಮೂರು ವರ್ಷ ಪರೀಕ್ಷಿಸಿ 2006ರಲ್ಲಿ ವರದಿ ಮಾಡಿದರು. ಊಟ ತಿದ್ದಿ ನಡೆದಾಡಿದವರಲ್ಲಿ ಕಾಯಿಲೆಗೆ ತುತ್ತಾಗುವ ಸಂಭವ ಶೇಕಡ 28ರಷ್ಟು ತಗ್ಗಿತ್ತು. ಮೆಟ್‌ಫಾರ್ಮಿನ್ ಗುಳಿಗೆಯೂ ಸುಮಾರು ಅಷ್ಟೇ ಫಲ ಕೊಟ್ಟಿತು. ಎರಡನ್ನೂ ಕೂಡಿಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ.