ಸೆಲೆನಿಯಂ: ಜಾಲತಾಣಗಳ ಪರೀಕ್ಷೆಗೆ ಹಂಚಿಕೆಯ ಸಲಕರಣೆ

ಅಂತರ್ಜಾಲದಲ್ಲಿ ಟಿಕೆಟ್ ಕಾಯ್ದಿರಿಸಲು ಹೆಸರು, ವಯಸ್ಸು, ವಿಳಾಸವೆಲ್ಲ ತುಂಬಿ ಕೊನೆಯ ಗುಂಡಿ ಒತ್ತಿದಾಗ ಪುಟ ಕದಲದೆ ನಿಂತುಬಿಡುವ ಅನುಭವ ಓದುಗರಿಗೆ ಹೊಸದೇನಲ್ಲ. ಇಂತಹ ದೋಷಗಳನ್ನು ಗ್ರಾಹಕರ ಕಣ್ಣಿಗೆ ಬೀಳುವ ಮೊದಲೇ ಪತ್ತೆ ಹಚ್ಚಲು ರೂಪಿಸಲಾದ ತಂತ್ರಾಂಶಗಳಲ್ಲಿ ಸೆಲೆನಿಯಂ ಪ್ರಮುಖವಾದುದು. ಮನುಷ್ಯನೊಬ್ಬ ಬ್ರೌಸರ್ ಮುಂದೆ ಕುಳಿತು ಮಾಡುವ ಕೆಲಸವನ್ನೆಲ್ಲ ಇದು ತಾನೇ ಮಾಡುತ್ತದೆ: ಪುಟ ತೆರೆಯುತ್ತದೆ, ಅಕ್ಷರಗಳನ್ನು ತುಂಬುತ್ತದೆ, ಗುಂಡಿ ಒತ್ತುತ್ತದೆ, ಬಂದ ಉತ್ತರ ನಿರೀಕ್ಷೆಯಂತಿದೆಯೇ ಎಂದು ನೋಡುತ್ತದೆ. ಇದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ತಿದ್ದಬಹುದು, ಹಂಚಬಹುದು.

ಇದರ ಹುಟ್ಟು 2004ರಲ್ಲಿ, ಅಮೆರಿಕದ ಷಿಕಾಗೋ ನಗರದಲ್ಲಿ. ಥಾಟ್‌ವರ್ಕ್ಸ್ ಸಂಸ್ಥೆಯ ಜೇಸನ್ ಹಗಿನ್ಸ್ ಆಗ ನೌಕರರು ತಮ್ಮ ಕೆಲಸದ ವೇಳೆ ಮತ್ತು ಖರ್ಚಿನ ಲೆಕ್ಕ ಸಲ್ಲಿಸುವ ಆಂತರಿಕ ಜಾಲತಾಣವೊಂದನ್ನು ರೂಪಿಸುತ್ತಿದ್ದರು. ಒಂದು ಬ್ರೌಸರಿನಲ್ಲಿ ಸರಿಯಾಗಿ ನಡೆದ ಪುಟ ಮತ್ತೊಂದರಲ್ಲಿ ಕೆಡುತ್ತಿದ್ದ ಕಾಲ ಅದು. ಪ್ರತಿ ಬದಲಾವಣೆಯ ನಂತರವೂ ಎಲ್ಲ ಬ್ರೌಸರುಗಳಲ್ಲಿ ಕೈಯಾರೆ ಪರೀಕ್ಷಿಸುವ ಬೇಸರ ತಪ್ಪಿಸಲು ಅವರು ಜಾವಾಸ್ಕ್ರಿಪ್ಟ್‌ನಲ್ಲಿ ಚಿಕ್ಕದೊಂದು ಸಲಕರಣೆ ಬರೆದರು. ಅದನ್ನು ಕಂಡ ಸಹೋದ್ಯೋಗಿಗಳು ತಮ್ಮ ಯೋಜನೆಗಳಿಗೂ ಬೇಕೆಂದರು. ಬಳಿಕ ಅದು ಮುಕ್ತ ತಂತ್ರಾಂಶವಾಗಿ ಹೊರಬಂತು.

ಹೆಸರಿನ ಹಿಂದೆ ಒಂದು ತಮಾಷೆಯಿದೆ. ಆಗ ಪರೀಕ್ಷಾ ತಂತ್ರಾಂಶಗಳ ಮಾರುಕಟ್ಟೆಯಲ್ಲಿ ಮರ್ಕ್ಯುರಿ ಎಂಬ ಸಂಸ್ಥೆ ಪ್ರಬಲವಾಗಿತ್ತು. ಮರ್ಕ್ಯುರಿ ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂದು ಹಗಿನ್ಸ್ ಚಟಾಕಿ ಹಾರಿಸಿದರು, ಹೆಸರು ಅಲ್ಲೇ ಅಂಟಿಕೊಂಡಿತು. ಆ ಪ್ರತಿಸ್ಪರ್ಧಿ ಸಂಸ್ಥೆಯನ್ನು 2006ರಲ್ಲಿ ಎಚ್‌ಪಿ ಖರೀದಿಸಿತು. ಮದ್ದಿನ ಹೆಸರು ಮಾತ್ರ ಉಳಿದುಬಂದಿದೆ.

ಈ ಸಲಕರಣೆಯ ಅಗತ್ಯ ಅರಿಯಲು ಆ ಕಾಲದ ಕಾರ್ಯಪದ್ಧತಿಯತ್ತ ನೋಡಬೇಕು. 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮಧಾಮದಲ್ಲಿ ಸೇರಿದ 17 ಮಂದಿ 'ಅಜೈಲ್' ಪ್ರಣಾಳಿಕೆಯನ್ನು ಹೊರಡಿಸಿದರು. ವರ್ಷಗಟ್ಟಲೆ ಯೋಜನೆ ಹಾಕಿ ಕೊನೆಗೊಮ್ಮೆ ಒಪ್ಪಿಸುವ ಬದಲು, ಕೆಲವೇ ವಾರಗಳಿಗೊಮ್ಮೆ ನಡೆಯುವ ತಂತ್ರಾಂಶವನ್ನು ಗ್ರಾಹಕನ ಕೈಗಿಟ್ಟು ಅವನ ಮಾತು ಕೇಳಿ ತಿದ್ದುತ್ತ ಹೋಗಬೇಕೆಂಬುದು ಅದರ ತಿರುಳು. ಎರಡು ವಾರಕ್ಕೊಮ್ಮೆ ಹೊಸದನ್ನು ಸೇರಿಸುವುದೆಂದರೆ ಎರಡು ವಾರಕ್ಕೊಮ್ಮೆ ಹಳೆಯದು ಕೆಡುವ ಸಂಭವವೂ ಉಂಟು. ಎಲ್ಲವನ್ನೂ ಪ್ರತಿಸಲ ಕೈಯಿಂದ ಪರೀಕ್ಷಿಸುತ್ತ ಕುಳಿತರೆ ಆ ಎರಡು ವಾರ ಅದಕ್ಕೇ ಸಾಲದು.

ಇಲ್ಲಿ ಬೆಂಗಳೂರಿನ ನಂಟೂ ಇದೆ. ಪ್ರಣಾಳಿಕೆಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಮಾರ್ಟಿನ್ ಫೌಲರ್ ಥಾಟ್‌ವರ್ಕ್ಸ್‌ನವರು. ಆ ಸಂಸ್ಥೆ 2001ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಒಂದೇ ಕೋಣೆಯಲ್ಲಿ ಕುಳಿತು ಮಾತಾಡುತ್ತ ಕೆಲಸ ಮಾಡಬೇಕೆನ್ನುವ ಪದ್ಧತಿ ಎರಡು ಖಂಡಗಳ ನಡುವೆ ನಡೆದೀತೆ ಎಂಬ ಪ್ರಶ್ನೆಗೆ ಫೌಲರ್ ತಮ್ಮ ಪ್ರಬಂಧವೊಂದರಲ್ಲಿ ಈ ಕಚೇರಿಯ ಅನುಭವದಿಂದಲೇ ಉತ್ತರ ಹುಡುಕಿದ್ದಾರೆ. ಎರಡೂ ಕಡೆಯವರು ಬರೆದ ಸಂಕೇತಗಳನ್ನು ಆಗಾಗ ಒಂದೆಡೆ ಜೋಡಿಸಿ ಯಂತ್ರದಿಂದಲೇ ಪರೀಕ್ಷಿಸುವುದು, ಅಲ್ಲಿನವರು ಇಲ್ಲಿಗೂ ಇಲ್ಲಿನವರು ಅಲ್ಲಿಗೂ ಕೆಲಕಾಲ ರಾಯಭಾರಿಗಳಂತೆ ಹೋಗಿ ನೆಲೆಸುವುದು, ಬೇಡಿಕೆಯನ್ನು ಪರೀಕ್ಷೆಯ ರೂಪದಲ್ಲಿ ಬರೆದು ಕಳಿಸುವುದು ಅವರ ಸಲಹೆಗಳಲ್ಲಿ ಸೇರಿವೆ. ಷಿಕಾಗೋಗೂ ಬೆಂಗಳೂರಿಗೂ ಹತ್ತೂವರೆಯಿಂದ ಹನ್ನೊಂದೂವರೆ ತಾಸಿನ ಅಂತರ. ಅಲ್ಲಿನವರು ಕೆಡಿಸಿ ಮನೆಗೆ ಹೋದರೆ ಇಲ್ಲಿನವರ ಹಗಲು ಪೂರ್ತಿ ವ್ಯರ್ಥ. ದೂರವಾಣಿಯಲ್ಲಿ ಕೇಳೋಣವೆಂದರೆ ಅಲ್ಲಿ ನಡುರಾತ್ರಿ.

ಸೆಲೆನಿಯಂನ ಮೊದಲ ಆವೃತ್ತಿಯಲ್ಲಿ ಪರೀಕ್ಷೆಯನ್ನು ಮೂರು ಕಂಬಸಾಲುಗಳ ಕೋಷ್ಟಕವಾಗಿ ಬರೆಯಬೇಕಿತ್ತು: ಏನು ಮಾಡಬೇಕು, ಯಾವುದರ ಮೇಲೆ, ಯಾವ ಮೌಲ್ಯದಿಂದ. ಆದರೆ ಒಂದು ತಾಣದ ಜಾವಾಸ್ಕ್ರಿಪ್ಟ್ ಮತ್ತೊಂದು ತಾಣದ ಪುಟವನ್ನು ಮುಟ್ಟದಂತೆ ಬ್ರೌಸರುಗಳು ಸುರಕ್ಷತೆಗಾಗಿ ತಡೆಯುತ್ತವೆ. ಹಾಗಾಗಿ ಸಲಕರಣೆಯನ್ನೂ ಪರೀಕ್ಷಿಸಬೇಕಾದ ತಾಣವಿರುವ ಸರ್ವರ್‌ನಲ್ಲೇ ಇಡಬೇಕಾಗುತ್ತಿತ್ತು. ಮುಂದಿನ ಆವೃತ್ತಿ ನಡುವೆ ದಲ್ಲಾಳಿಯಂತೆ ಒಂದು ಸರ್ವರ್ ನಿಲ್ಲಿಸಿ, ಎರಡೂ ಒಂದೇ ತಾಣದಿಂದ ಬಂದವೆಂದು ಬ್ರೌಸರನ್ನು ನಂಬಿಸಿತು. ಸೈಮನ್ ಸ್ಟೀವರ್ಟ್ ರೂಪಿಸಿದ ವೆಬ್‌ಡ್ರೈವರ್ ಈ ಉಪಾಯವನ್ನೇ ಬಿಟ್ಟು ಬ್ರೌಸರಿಗೆ ಹೊರಗಿನಿಂದ ನೇರ ಆಜ್ಞೆ ನೀಡುವ ದಾರಿ ಹಿಡಿಯಿತು. 2009ರಲ್ಲಿ ಎರಡು ಯೋಜನೆಗಳೂ ಒಂದಾಗಲು ನಿರ್ಧರಿಸಿ, 2011ರಲ್ಲಿ ಸೆಲೆನಿಯಂ 2 ಬಂತು. 2018ರ ಜೂನ್‌ನಲ್ಲಿ ವೆಬ್‌ಡ್ರೈವರ್ ವಿಶ್ವವ್ಯಾಪಿ ಜಾಲ ಒಕ್ಕೂಟದ ಅಧಿಕೃತ ಮಾನಕವಾಯಿತು. ಒಬ್ಬ ನೌಕರ ಖರ್ಚಿನ ಲೆಕ್ಕದ ಪುಟಕ್ಕಾಗಿ ಆರಂಭಿಸಿದ ಕೆಲಸಕ್ಕೆ ಇಂದು ಗೂಗಲ್, ಆಪಲ್, ಮೊಜಿಲ್ಲಾಗಳು ತಾವೇ ಚಾಲಕ ತಂತ್ರಾಂಶ ಬರೆದುಕೊಡುತ್ತವೆ.

ಇದರ ದೊಡ್ಡ ದೌರ್ಬಲ್ಯ ಅವಸರ. ಪುಟ ಪೂರ್ತಿ ಮೂಡುವ ಮೊದಲೇ ಗುಂಡಿ ಹುಡುಕಿ, ಸಿಗಲಿಲ್ಲವೆಂದು ವರದಿ ಮಾಡಿಬಿಡುತ್ತದೆ. ಅನನುಭವಿಗಳು ನಡುನಡುವೆ 'ಐದು ಸೆಕೆಂಡು ತಡೆ' ಎಂದು ಬರೆದು ಪಾರಾಗಲು ನೋಡುತ್ತಾರೆ. ಸಾವಿರ ಪರೀಕ್ಷೆಗಳಲ್ಲಿ ಒಂದೊಂದು ಸಲ ಹೀಗೆ ತಡೆದರೂ ಸುಮಾರು 83 ನಿಮಿಷ ಬರಿದೆ ಕಳೆಯುತ್ತದೆ. ಗುಂಡಿ ಕಾಣಿಸುವವರೆಗೆ ಕಾಯುವಂತೆ ಹೇಳುವುದೇ ಸರಿಯಾದ ಕ್ರಮ. ಕಾರಣವಿಲ್ಲದೆ ಒಮ್ಮೆ ಗೆದ್ದು ಒಮ್ಮೆ ಸೋಲುವ ಪರೀಕ್ಷೆಯನ್ನು ತಂಡ ಬಹುಬೇಗ ಕಡೆಗಣಿಸತೊಡಗುತ್ತದೆ; ನಿಜವಾದ ದೋಷ ಜಾರಿಹೋಗುವುದು ಅಂಥ ದಿನವೇ. ಸೈಪ್ರೆಸ್, 2020ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಪ್ಲೇರೈಟ್ ಮುಂತಾದ ಹೊಸ ಸಲಕರಣೆಗಳು ಜನಪ್ರಿಯವಾಗಲು ಈ ತೊಡಕನ್ನು ಹಗುರಗೊಳಿಸಿದ್ದೂ ಒಂದು ಕಾರಣ.

ಸೆಲೆನಿಯಂ ಬಳಗದ ಸಮ್ಮೇಳನ 2014 ಮತ್ತು 2016ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಕೈಯಿಂದ ಪರೀಕ್ಷಿಸುವುದನ್ನಷ್ಟೇ ಬಲ್ಲವರಿಗೆ ಈ ಸಲಕರಣೆ ಅಷ್ಟು ಹಿತವಾದ ಸುದ್ದಿಯಲ್ಲ. ಸಂಕೇತ ಬರೆಯುವುದನ್ನು ಕಲಿಯಬೇಕಾದ ಒತ್ತಡ ಅವರ ಮೇಲೆ ಬಿದ್ದಿತು. ಆದರೂ ಮನುಷ್ಯನ ಕಣ್ಣಿಗೆ ಕೆಲಸ ಉಳಿದಿದೆ, ವಿಶೇಷವಾಗಿ ಕನ್ನಡ ಪುಟಗಳಲ್ಲಿ. ಯೂನಿಕೋಡ್ ಹರಡುವ ಮುನ್ನ ಅನೇಕ ಕನ್ನಡ ತಾಣಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಫಾಂಟ್ ತೊಡಿಸುತ್ತಿದ್ದವು. ಅಲ್ಲಿ ಯಂತ್ರ ಓದಿದ್ದು ಅರ್ಥವಿಲ್ಲದ ಅಕ್ಷರಗಳ ಗೋಜಲು. ಈಗ ಯೂನಿಕೋಡ್ ಪಠ್ಯವನ್ನು ಅದು ತಪ್ಪದೆ ಓದುತ್ತದೆ. ಆದರೆ ಪುಟದ ಒಳಗಿನ ಪಠ್ಯವನ್ನಷ್ಟೇ ಓದುತ್ತದೆ. ಪರದೆಯ ಮೇಲೆ ಒತ್ತಕ್ಷರ ಪಕ್ಕಕ್ಕೆ ಸರಿದಿದ್ದರೂ, ಫಾಂಟ್ ಸಿಗದೆ ಅಕ್ಷರಗಳ ಜಾಗದಲ್ಲಿ ಚೌಕಗಳು ಮೂಡಿದ್ದರೂ ಪರೀಕ್ಷೆ ತೇರ್ಗಡೆಯಾಯಿತೆಂದೇ ವರದಿ ಬರುತ್ತದೆ.