ಚಿನ್ನದ ಸೀಮೆಗೆ ತಕ್ಕ ಹಳೆಯ ಕಾರು

ಹಳೆಯ ಕಾರೆಂದೊಡನೆ ಅನೇಕರ ಕಣ್ಣ ಮುಂದೆ ಬಂದು ನಿಲ್ಲುವುದು ಅರಮನೆಯ ರೋಲ್ಸ್ ರಾಯ್ಸ್. ಅಂಥವನ್ನು ನೋಡಿ ಸಂತೋಷಪಡಲು ಧರ್ಮಸ್ಥಳದಲ್ಲಿ ದೊಡ್ಡ ಸಂಗ್ರಹವೇ ಇದೆ. ಆದರೆ ಸಂಬಳದಲ್ಲಿ ಬದುಕುವವನು ಕೊಂಡು, ತಾನೇ ನಡೆಸಿ, ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬೇತಮಂಗಲದ ಕೆರೆಯವರೆಗೆ ಹೋಗಿಬರಬಹುದಾದ ಹಳೆಯ ಕಾರಿನ ಮಾತು ಬೇರೆ. ಬಂಗಾರಪೇಟೆಯಿಂದ ದಿನವೂ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನನ್ನ ಸೋದರಳಿಯನಂಥ ತರುಣರಿಗೆ ಈಚೆಗೆ ಈ ಆಸೆ ಹತ್ತಿದೆ. ಯಾವುದನ್ನು ಕೊಳ್ಳಬೇಕು ಎಂದು ಅವರು ಕೇಳುತ್ತಾರೆ. ಒಂದು ಹೆಸರು ಹೇಳಿ ಮುಗಿಸಿಬಿಡಬಹುದು. ಆದರೆ ಈ ಆಯ್ಕೆಯನ್ನು ಬಹುಮಟ್ಟಿಗೆ ನಮ್ಮ ಚರಿತ್ರೆಯೇ ಮಾಡಿಟ್ಟಿದೆ. ಅದನ್ನರಿಯದೆ ಹೊರಟರೆ, ಅಗ್ಗದ ಆಸೆಗೆ ಮುಗ್ಗಿದ ಜೋಳ ತಂದ ಹಾಗಾದೀತು.

ಈ ಸೀಮೆಗೆ ಯಂತ್ರವೇನೂ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕಾಲಿಟ್ಟರು. 1890ರ ದಶಕದಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರನ್ನು ಹೊತ್ತಿದ್ದ ಇಂದಿನ ಬಂಗಾರಪೇಟೆಯಿಂದ, ಗಣಿಗಳಿಗೆ ಕವಲು ರೈಲು ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಆದರೆ ಯಂತ್ರ ಬಂದಷ್ಟು ಸುಲಭವಾಗಿ ಯಂತ್ರದ ಒಡೆತನ ಬರಲಿಲ್ಲ. ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ ಒಂದು ಕಡೆ. ಕೂಲಿಕಾರರ ಲೈನುಗಳು ಇನ್ನೊಂದು ಕಡೆ. ಮೋಟಾರು ಬಂಗಲೆಯ ಕಡೆಯವರದು. ನೆಲದಡಿಗೆ ಸಾವಿರಾರು ಅಡಿ ಇಳಿದು ದುಡಿದು ಬಂದವನು, ಮೇಲೆ ಬಂದ ಮೇಲೆ ಕಾಲ್ನಡಿಗೆಯಲ್ಲೇ ಮನೆ ಸೇರುತ್ತಿದ್ದ.

ಆ ಕಾಲಕ್ಕೆ ಹೊರದೇಶಗಳಲ್ಲಿ ಕಾರು ಸಾಮಾನ್ಯನ ಕೈಗೆ ಎಟುಕತೊಡಗಿತ್ತು. ಅಮೆರಿಕದಲ್ಲಿ 1908ರಲ್ಲಿ ಹುಟ್ಟಿದ ಫೋರ್ಡರ ಟಿ ಮಾದರಿ 1927ರ ಹೊತ್ತಿಗೆ ಒಂದೂವರೆ ಕೋಟಿಯ ಲೆಕ್ಕವನ್ನು ಮುಟ್ಟಿತ್ತು. ಇಂಗ್ಲೆಂಡಿನಲ್ಲಿ 1922ರಲ್ಲಿ ಬಂದ ಪುಟ್ಟ ಆಸ್ಟಿನ್ ಸೆವೆನ್ ಮಧ್ಯಮ ವರ್ಗದವರ ಗಾಡಿಯಾಯಿತು. ನಮ್ಮ ದೇಶದಲ್ಲಿ ಜನರಲ್ ಮೋಟಾರ್ಸಿನವರು 1928ರಲ್ಲಿ ಮುಂಬಯಿಯಲ್ಲಿ ಹೊರಗಿನ ಭಾಗಗಳನ್ನು ತಂದು ಜೋಡಿಸತೊಡಗಿದರು. ಆದರೂ ಹೊಸ ಕಾರು ಸಂಬಳದಾರನಿಗೆ ದೂರವೇ ಉಳಿಯಿತು. ಸಾಹೇಬ ತನ್ನ ದೇಶಕ್ಕೆ ಮರಳುವಾಗ ಅವನ ಕಾರನ್ನು ಕಂಟ್ರಾಕ್ಟರೋ ಡಾಕ್ಟರೋ ಕೊಳ್ಳುತ್ತಿದ್ದರು, ಅವರಿಂದ ಅದು ಬಾಡಿಗೆ ಗಾಡಿಯವನಿಗೆ ಹೋಗುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮೂರನೆಯ ಕೈಗೆ ಬರುವಷ್ಟರಲ್ಲಿ ಕಾರು ಮುದಿಯಾಗಿರುತ್ತಿತ್ತು. ಅದನ್ನು ರಿಪೇರಿ ಮಾಡುತ್ತ ಬಂದವನು ಪ್ರವೀಣನಾಗಿರುತ್ತಿದ್ದ.

ನಮ್ಮಲ್ಲೇ ಕಾರು ತಯಾರಾಗಬೇಕೆಂದು ಹಟ ಹಿಡಿದವರಲ್ಲಿ ಮುಖ್ಯರು ಇದೇ ಜಿಲ್ಲೆಯವರು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ 2007ರವರೆಗೂ ಕೋಲಾರ ಜಿಲ್ಲೆಗೆ ಸೇರಿತ್ತು. ಅವರು 1930ರ ದಶಕದ ನಡುವಿನಲ್ಲಿ ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಒಂದು ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದಕ್ಕೆ ಕೈಗೂಡಿಸಿದರು. ಮುಂಬಯಿಯಲ್ಲಿ ಅದು ತಡವಾದಾಗ ಬೆಂಗಳೂರಿನ ಮಾತೂ ನಡೆಯಿತು. ಮೈಸೂರು ಸರಕಾರ ಒಲವು ತೋರಿತು. ಆದರೆ ಯುದ್ಧಕಾಲದ ಆಂಗ್ಲ ಸರಕಾರದ ಬೆಂಬಲ ಸಿಕ್ಕಲಿಲ್ಲ. ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂತು, ಕಾರಿನದು ಬರಲಿಲ್ಲ. 1944ರಲ್ಲಿ ವಾಲ್‌ಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿಯನ್ನು ಸ್ಥಾಪಿಸಿದರು. ನಾವು ಬಾಯಿತುಂಬ ಫಿಯಟ್ ಎಂದು ಕರೆದ ಕಾರು ಅಲ್ಲಿಂದಲೇ ಬಂದದ್ದು.

ಸ್ವಾತಂತ್ರ್ಯದ ಅನಂತರ, 1953ರಲ್ಲಿ, ಸುಂಕ ಆಯೋಗದ ಶಿಫಾರಸನ್ನು ಅನುಸರಿಸಿ ಸರಕಾರ ಒಂದು ಗೆರೆ ಎಳೆಯಿತು: ಇಲ್ಲೇ ತಯಾರಿಸಲು ಸಿದ್ಧರಿದ್ದವರು ಇರಬಹುದು, ಬರಿಯ ಜೋಡಣೆಯವರು ಹೊರಡಬಹುದು. ಜನರಲ್ ಮೋಟಾರ್ಸೂ ಫೋರ್ಡೂ ಬಾಗಿಲು ಮುಚ್ಚಿದವು. ಕೊನೆಗೆ ದೇಶಕ್ಕೆ ಉಳಿದದ್ದು ಮುಖ್ಯವಾಗಿ ಮೂರು ಕಾರುಗಳು: ಕಲ್ಕತ್ತೆಯ ಬಳಿ ಉತ್ತರಪಾರಾದ ಅಂಬಾಸಿಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಜನ ಹಣ ಕಟ್ಟಿ ವರ್ಷಗಟ್ಟಲೆ ಕಾದರು, ಸರಕಾರವನ್ನು ಬೈದರು. ಆ ಬೈಗುಳದಲ್ಲಿ ನ್ಯಾಯವಿತ್ತು. ಆದರೆ ಮೂರೇ ಕಾರುಗಳು ದಶಕಗಳ ಕಾಲ ಹೆಚ್ಚು ಬದಲಾಗದೆ ಓಡಿದ್ದರಿಂದ, ಸಣ್ಣ ಊರಿನ ಮೆಕ್ಯಾನಿಕ್ಕಿಗೂ ಅವುಗಳ ನರನಾಡಿ ತಿಳಿಯಿತು. ಇಂದು ಅಗ್ಗದ ಹಳೆಯ ಕಾರು ಎಂಬುದೊಂದು ನಮಗಿದ್ದರೆ ಅದಕ್ಕೆ ಇದೇ ಕಾರಣ.

ಚಿನ್ನದ ಗಣಿಯಲ್ಲೂ ಆಗ ಕಾಲ ಬದಲಾಗುತ್ತಿತ್ತು. 1956ರಲ್ಲಿ ಮೈಸೂರು ಸರಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈಗೆ ಹೋದವು. 1964ರಲ್ಲಿ ಬೆಮೆಲ್ ಬಂತು. ಸಾಹೇಬರ ಬಂಗಲೆಗಳಿಗೆ ನಮ್ಮವರು ಬಂದರು. ಗಣಿಯ ವರ್ಕ್‌ಷಾಪುಗಳಲ್ಲಿ ಕೈ ಪಳಗಿಸಿಕೊಂಡ ಫಿಟ್ಟರು, ಟರ್ನರು, ವೆಲ್ಡರುಗಳಿಗೆ ಕಾರಿನ ಕೆಲಸ ಕಷ್ಟವೆನಿಸಲಿಲ್ಲ. ಇನ್ನೂರು ಅಂಗುಲದ ಚಕ್ರದ ಬೇರಿಂಗು ಕೂರಿಸಿದವನಿಗೆ ಅಂಬಾಸಿಡರಿನ ಬುಷ್ ಎಷ್ಟರದು?

ಈಗ ಆಯ್ಕೆಗೆ ಬರೋಣ. ಅಂಬಾಸಿಡರ್ 1957ರ ಸುಮಾರಿಗೆ ಬಂದು 2014ರವರೆಗೆ ತಯಾರಾಯಿತು. ಮೊದಲಿನ ದಿನಗಳ ಮಾರಿಸ್ ಆಕ್ಸ್‌ಫರ್ಡಿನ ಮೈಯನ್ನೇ ಅದು ಕೊನೆಯವರೆಗೂ ಉಟ್ಟಿತು. ಆರು ಜನ ಕೂರಬಹುದು, ಹಳ್ಳಿಯ ದಾರಿಗೆ ಹೆದರದು; ಆದರೆ ತೂಕದ ಗಾಡಿ, ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಹೆರಾಲ್ಡ್ 1961ರಿಂದ 1971ರವರೆಗೆ ಬಂದ ಚೆಲುವೆ. ಮುಂಭಾಗವೆಲ್ಲ ಒಟ್ಟಿಗೆ ಮುಂದಕ್ಕೆ ಮಗುಚಿ, ಎಂಜಿನ್ನು ಅಂಗೈಯಲ್ಲಿಟ್ಟಂತೆ ಕಾಣುತ್ತದೆ. ಆದರೆ ಅದರ ಬಿಡಿಭಾಗಗಳಿಗಾಗಿ ಊರೂರು ಅಲೆಯಬೇಕು. ಫಿಯಟ್ 1100ರ ವಂಶದ ಪದ್ಮಿನಿ 1974ರ ಸುಮಾರಿಗೆ ಆ ಹೆಸರು ಪಡೆದು ಶತಮಾನದ ಕೊನೆಯವರೆಗೆ ಬಂತು. 1089 ಸಿ.ಸಿ. ಎಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಹಗುರವಾದ ಮೈ. ಸಣ್ಣ ಸಂಸಾರಕ್ಕೂ ಸಣ್ಣ ಸಂಬಳಕ್ಕೂ ಇದೇ ಸರಿ ಎಂದು ನನ್ನ ಮತ. ವಿಶ್ವೇಶ್ವರಯ್ಯನವರ ಕನಸಿನ ದೂರದ ಮೊಮ್ಮಗಳು ಕೊನೆಗೂ ಕೋಲಾರದ ಸೀಮೆಗೆ ಬಂದಳು ಎಂಬ ಸಮಾಧಾನ ಬೇರೆ.

ಕಾನೂನಿನ ಒಂದು ಮಾತನ್ನು ವಾಚಕರು ಮರೆಯಬಾರದು. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಹೆಸರು ದೊಡ್ಡದು. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಗಳಿಗಷ್ಟೇ ರಸ್ತೆಗೆ ಇಳಿಸಬಹುದು. ದಿನದ ಓಡಾಟಕ್ಕೆ ಅವಕಾಶವಿಲ್ಲ. ಓಡಿಸಲೆಂದೇ ಕೊಳ್ಳುವವನು ಸಾಮಾನ್ಯ ನೋಂದಣಿ ಕಡಿಯದೆ ಬಂದಿರುವ ಕಾರನ್ನೇ ಹುಡುಕಬೇಕು. 15 ವರ್ಷದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಅದನ್ನು ನವೀಕರಿಸುತ್ತ ಹೋಗಬಹುದು. ಕಾಗದವಿಲ್ಲದ ಕಾರು ಎಷ್ಟು ಅಗ್ಗವಾದರೂ ದುಬಾರಿಯೇ.

ಕಾರನ್ನು ನೋಡುವ ಕ್ರಮವನ್ನು ನನಗೆ ತೋರಿಸಿಕೊಟ್ಟವರು ಆಂಡರ್‌ಸನ್‌ಪೇಟೆಯ ಒಬ್ಬ ವೃದ್ಧ ಮೆಕ್ಯಾನಿಕ್ಕು, ಹಿಂದೆ ಗಣಿಯಲ್ಲಿ ಫಿಟ್ಟರಾಗಿದ್ದವರು. ಅವರು ಬಾನೆಟ್ಟು ತೆರೆಯಲೇ ಇಲ್ಲ. ಒಳಗಿನ ಚಾಪೆ ಎತ್ತಿ, ನೆಲದ ತಗಡನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋದರು. ಬಾಗಿಲ ಕೆಳಗಿನ ಪಟ್ಟಿಯನ್ನು ತಟ್ಟಿ ನಾದ ಕೇಳಿದರು. "ಎಂಜಿನ್ನು ಕೆಟ್ಟರೆ ನಾನು ಮಾಡ್ತೀನಿ ಸಾರ್. ಮೈಯೇ ತುಕ್ಕು ತಿಂದರೆ ಯಾರು ಮಾಡ್ತಾರೆ?" ಎಂದರು. ಈ ಕಾರುಗಳಲ್ಲಿ ಅಂಬಾಸಿಡರಿಗೂ ಫಿಯಟ್ಟಿಗೂ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನೆಲುಬು. ಇನ್ನೊಂದು ಎಚ್ಚರಿಕೆಯನ್ನೂ ಅವರು ಕೊಟ್ಟರು: ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆತಿದೆ, ಹಳೆಯ ರಬ್ಬರು ಕೊಳವೆಗಳೂ ಪೆಟ್ರೋಲು ಪಂಪಿನ ಡಯಾಫ್ರಮ್ಮೂ ಅದನ್ನು ತಾಳವು, ಕೊಂಡ ಕೂಡಲೇ ಬದಲಾಯಿಸಬೇಕು.

ಕಲಿಯುವ ಹುಡುಗರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. "ಎಲ್ಲಾ ಬೆಳಗಿನ ರೈಲಿಗೆ ಹೋದರು ಸಾರ್" ಎಂದರು. 2001ರಲ್ಲಿ ಗಣಿ ಮುಚ್ಚಿದಾಗ ಹೋದದ್ದು ಸಂಬಳ ಮಾತ್ರವಲ್ಲ. ಹಿರಿಯನ ಪಕ್ಕದಲ್ಲಿ ನಿಂತು ಕಿರಿಯನು ಕೈಕೆಲಸ ಕಲಿಯುತ್ತಿದ್ದ ಜಾಗವೂ ಹೋಯಿತು. ಉಳಿದಿರುವ ಪ್ರವೀಣರು ಎಪ್ಪತ್ತರ ಆಚೀಚೆ ಇದ್ದಾರೆ. ಅವರ ಕಿವಿಗೆ ತಿಳಿದದ್ದು ಯಾವ ಪುಸ್ತಕದಲ್ಲೂ ಇಲ್ಲ.

ಆದುದರಿಂದ ಕೊಳ್ಳುವವರಿಗೆ ನನ್ನ ಸಲಹೆ ಇಷ್ಟೇ. ಮೊದಲು ಮೆಕ್ಯಾನಿಕ್ಕನ್ನು ಹುಡುಕಿ, ಆಮೇಲೆ ಕಾರನ್ನು. ಅವರಿಗೆ ಗೊತ್ತಿರುವ ಕಾರನ್ನೇ ಕೊಳ್ಳಿ. ಕೊಂಡ ಬೆಲೆಯ ಅರ್ಧದಷ್ಟಾದರೂ ರಿಪೇರಿಗೆಂದು ತೆಗೆದಿಡಿ. ರಿಪೇರಿಯ ದಿನ ಕಾರು ಬಿಟ್ಟು ಮನೆಗೆ ಬರಬೇಡಿ. ಮನೆಯ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ನಿಲ್ಲಿಸಿಕೊಂಡು, ಸ್ಪ್ಯಾನರು ಎತ್ತಿಕೊಡುತ್ತ ಕೆಲಸ ನೋಡಿ. ನೆಲದೊಳಗಿನ ಚಿನ್ನವನ್ನು ತೆಗೆದವರು ತೆಗೆದುಕೊಂಡು ಹೋದರು. ಅದನ್ನು ತೆಗೆದ ಕೈಗಳ ವಿದ್ಯೆ ಇನ್ನೂ ಸ್ವಲ್ಪ ಕಾಲ ಇಲ್ಲಿ ಸಿಗುತ್ತದೆ.